ಟಿಕೆಟ್ ಕೊಂಡವರ ಲೆಕ್ಕ ಸಿಗುತ್ತದೆ, ಸ್ಟೇಷನ್‌ಗೇ ಬಾರದವರ ಲೆಕ್ಕ? ದಾವಣಗೆರೆ–ಚಿತ್ರದುರ್ಗ ರೈಲು ಪ್ರಯಾಣದ ಚರ್ಚೆ

ಚೌಕಿಪೇಟೆ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬಟ್ಟೆ ವ್ಯಾಪಾರ. ಸರಕು ತರಲು ಬೆಂಗಳೂರಿನ ಚಿಕ್ಕಪೇಟೆಗೆ ಆಗಾಗ ಹೋಗಿ ಬರುತ್ತೇನೆ. ಇತ್ತೀಚೆಗೆ ದಾವಣಗೆರೆ ಸ್ಟೇಷನ್ನಿನಲ್ಲಿ ಒಂದು ವಿಚಿತ್ರ ಕಾಣುತ್ತಿದೆ. ವಾರದ ನಡುವೆ ಪ್ಯಾಸೆಂಜರ್ ಗಾಡಿ ಬಂದರೆ ಕಾಲು ಚಾಚಿ ಕೂರುವಷ್ಟು ಜಾಗ. ಭಾನುವಾರ ರಾತ್ರಿ ಬೆಂಗಳೂರು ಕಡೆ ಹೋಗುವ ಗಾಡಿಯಲ್ಲಿ ಮಾತ್ರ ಜನರಲ್ ಬೋಗಿಗೆ ಕಾಲಿಡಲು ಆಗುವುದಿಲ್ಲ. ಸ್ಲೀಪರ್ ಕ್ಲಾಸಿನ ವೇಟಿಂಗ್ ಲಿಸ್ಟ್ ನೋಡಿದರೆ ಅರ್ಧ ಊರೇ ಬೆಂಗಳೂರಿಗೆ ಹೊರಟಂತಿರುತ್ತದೆ.

ರೈಲಿಗೆ ಬೇಡಿಕೆ ಕಡಿಮೆಯಾಗಿದೆ ಎನ್ನುವವರೂ ಇದ್ದಾರೆ, ಜಾಸ್ತಿಯಾಗಿದೆ ಎನ್ನುವವರೂ ಇದ್ದಾರೆ. ಎರಡೂ ಕಣ್ಣಿಗೆ ಕಾಣುತ್ತಿದೆ. ನಿಮ್ಮ ಕಡೆ ಹೇಗಿದೆ? ನೀವು ರೈಲು ಬಿಟ್ಟಿದ್ದರೆ ಯಾಕೆ ಬಿಟ್ಟಿರಿ, ಹಿಡಿದಿದ್ದರೆ ಯಾಕೆ ಹಿಡಿದಿರಿ, ಸ್ವಲ್ಪ ಬಿಡಿಸಿ ಬರೆಯಿರಿ.

ಮಾಯಕೊಂಡದ ಮೇಷ್ಟ್ರಮ್ಮ

ನಾನು ಬಿಟ್ಟವಳು. ಕಾರಣ ಸುಲಭ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ದಿನಾ ದಾವಣಗೆರೆಗೆ ಹೋಗಿ ಬರುವವರಿಗೆ ಅದು ಸಣ್ಣ ಉಳಿತಾಯವಲ್ಲ.

ಆದರೆ ದುಡ್ಡು ಒಂದೇ ಕಾರಣ ಎಂದರೆ ಪೂರ್ತಿ ನಿಜವಲ್ಲ. ಮೊದಲು ನಮ್ಮದೊಂದು ಗುಂಪಿತ್ತು. ಟೀಚರ್‌ಗಳು, ಬ್ಯಾಂಕಿನವರು, ಕಾಲೇಜು ಹುಡುಗಿಯರು. ಒಂದು ಮೂಲೆಯಲ್ಲಿ ಹೂ ಕಟ್ಟುವವರು, ಇನ್ನೊಂದು ಮೂಲೆಯಲ್ಲಿ ಉತ್ತರ ಪತ್ರಿಕೆ ತಿದ್ದುವವರು. ಕೋವಿಡ್‌ನಲ್ಲಿ ಗಾಡಿ ನಿಂತವು. ಮತ್ತೆ ಶುರುವಾದಾಗ ಅದೇ ಗಾಡಿ, ಅದೇ ಸ್ಟಾಪು, ಟಿಕೆಟ್ ಮಾತ್ರ ಕಡಿಮೆ ಎಂದರೂ 30 ರೂಪಾಯಿ! ಮೊದಲು 10 ಇತ್ತು. ಆಗಲೇ ಅರ್ಧ ಗುಂಪು ಸ್ಕೂಟಿ ತೆಗೆದುಕೊಂಡಿತು. ಉಳಿದವರನ್ನು ಶಕ್ತಿ ಬಸ್ಸು ಕರೆದುಕೊಂಡು ಹೋಯಿತು.

ನಿವೃತ್ತ ಗುಮಾಸ್ತ

ಮೇಡಂ ಹೇಳಿದ್ದು ಸರಿ. ನಾನು ಟಿಕೆಟ್ ಕೌಂಟರ್‌ನಲ್ಲೇ ಕೂತು ಕೆಲಸ ಮಾಡಿದವನು. ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳಿಗೆ ಸ್ಪೆಷಲ್ ಎಂದು ಹೆಸರಿಟ್ಟು ಎಕ್ಸ್‌ಪ್ರೆಸ್ ದರ ಹಾಕಿದರು. 10 ರೂಪಾಯಿ ದರ ಮತ್ತೆ ಬಂದದ್ದು 2024ರ ಫೆಬ್ರವರಿ ಕೊನೆಗೆ. ಅಷ್ಟರಲ್ಲಿ ಜನರ ಅಭ್ಯಾಸ ಬದಲಾಗಿತ್ತು. ಒಮ್ಮೆ ಬೈಕ್ ಸಾಲ ತೀರಿಸಲು ಶುರು ಮಾಡಿದವನು 20 ರೂಪಾಯಿ ಉಳಿಯುತ್ತದೆ ಎಂದು ಸ್ಟೇಷನ್‌ಗೆ ವಾಪಸ್ ಬರುವುದಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2018-19ರಲ್ಲಿ ರೈಲು ಹತ್ತಿದವರು ಸುಮಾರು 844 ಕೋಟಿ. 2020-21ರಲ್ಲಿ ಸುಮಾರು 125 ಕೋಟಿಗೆ ಬಿತ್ತು. 2023-24ರಲ್ಲಿ 690 ಕೋಟಿ ಆಸುಪಾಸು. ಅಂದರೆ ಹಳೆಯ ಮಟ್ಟ ಇನ್ನೂ ಮುಟ್ಟಿಲ್ಲ. ಆದರೆ ಒಬ್ಬೊಬ್ಬರು ಹೋಗುವ ಸರಾಸರಿ ದೂರ ಜಾಸ್ತಿಯಾಗಿದೆ. ಸಣ್ಣ ದೂರದವರು ಬಿಟ್ಟರು, ಉದ್ದ ದೂರದವರು ಉಳಿದರು, ಬೆಳೆದರು. ತ್ರೀ ಟೈರ್ ಎಸಿಯಲ್ಲಿ ಹೋಗುವವರಂತೂ ಕೋವಿಡ್ ಮುಂಚಿಗಿಂತ ಎರಡು ಪಟ್ಟಿಗಿಂತ ಹೆಚ್ಚಾಗಿದ್ದಾರೆ. ಚೌಕಿಪೇಟೆಯವರು ಕಂಡ ಎರಡೂ ದೃಶ್ಯ ನಿಜವೇ. ಅವು ಬೇರೆ ಬೇರೆ ಜನ, ಅಷ್ಟೇ.

ನಮ್ಮ ಕೌಂಟರ್‌ನಲ್ಲಿ ಇದು ಮೊದಲು ಕಂಡದ್ದು ತಿಂಗಳ ಪಾಸಿನ ಸಾಲಿನಲ್ಲಿ. ತಿಂಗಳ ಮೊದಲ ದಿನಗಳಲ್ಲಿ ಕಿಟಕಿ ತೆರೆಯುವ ಮೊದಲೇ ಹರಿಹರ, ಚಿಕ್ಕಜಾಜೂರು, ರಾಣೆಬೆನ್ನೂರು ಕಡೆಯವರು ನಿಂತಿರುತ್ತಿದ್ದರು. ಫೋಟೊ ಅಂಟಿಸಿದ ಕಾರ್ಡು, ಅದಕ್ಕೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಚಿಲ್ಲರೆ ಮಡಿಚಿಟ್ಟ ನೋಟು. ಮುಖ ನೋಡಿದರೆ ಸಾಕು, ಯಾವ ಊರಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆ ಸಾಲು ಕರಗಿತು. ಈಗ ಫೋನಿನಲ್ಲೇ ಪಾಸ್ ಸಿಗುತ್ತದೆ, ಹಾಗಾಗಿ ಸಾಲು ಇಲ್ಲದ್ದಕ್ಕೆ ಜನ ಇಲ್ಲ ಎಂದು ಅರ್ಥವಲ್ಲ. ಆದರೂ ಗಾಡಿ ಬಂದಾಗ ಇಳಿಯುವ ತಲೆಗಳು ಕಡಿಮೆಯಾಗಿವೆ, ಅದು ಕಣ್ಣಿಗೆ ಗೊತ್ತಾಗುತ್ತದೆ.

ಕೋಟೆ ಕಡೆಯವನು

ನಾನು ಚಿತ್ರದುರ್ಗದವನು, ಕೆಲಸ ಬೆಂಗಳೂರಿನಲ್ಲಿ. ನಿಮ್ಮ ಚರ್ಚೆ ಓದಿ ಸ್ವಲ್ಪ ಹೊಟ್ಟೆ ಉರಿಯಿತು. ನೀವು ರೈಲು ಬಿಟ್ಟದ್ದು, ಹಿಡಿದದ್ದು ಮಾತಾಡುತ್ತಿದ್ದೀರಿ. ನಮಗೆ ಬಿಡಲು ಏನಿದೆ?

ದುರ್ಗದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್. ರೈಲಿನಲ್ಲಿ ಹೋದರೆ 300ಕ್ಕೂ ಹೆಚ್ಚು. ಮೊದಲು ಪಶ್ಚಿಮಕ್ಕೆ ಚಿಕ್ಕಜಾಜೂರಿಗೆ ಹೋಗಬೇಕು, ಅಲ್ಲಿಂದ ಬೀರೂರು, ಕಡೂರು, ಅರಸೀಕೆರೆ, ತಿಪಟೂರು ಸುತ್ತಿ ತುಮಕೂರು. ಶುಕ್ರವಾರ ಸಂಜೆ ಯಶವಂತಪುರದಿಂದ ದುರ್ಗಕ್ಕೆ ಎಷ್ಟು ಬಸ್ಸು ಹೊರಡುತ್ತವೆ ನೋಡಿ. ನಿಂತುಕೊಂಡು ಬರುವವರೂ ಇರುತ್ತಾರೆ. ಅವರಲ್ಲಿ ಒಬ್ಬರೂ ರೈಲ್ವೆ ಲೆಕ್ಕದಲ್ಲಿ ಇಲ್ಲ. ಆಮೇಲೆ ಚಿತ್ರದುರ್ಗ ಸ್ಟೇಷನ್‌ಗೆ ಜನ ಬರುವುದಿಲ್ಲ, ಅದಕ್ಕೇ ಗಾಡಿ ಹಾಕುವುದಿಲ್ಲ ಎನ್ನುತ್ತಾರೆ. ಸುಮ್ನೆ ಹೇಳುತ್ತೇನೆ, ಹೋಟೆಲ್ ಬಾಗಿಲು ಮುಚ್ಚಿಟ್ಟು, ಈ ಊರಲ್ಲಿ ಯಾರಿಗೂ ಬೆಣ್ಣೆ ದೋಸೆ ಬೇಡ ಅಂದ ಹಾಗಾಯಿತು.

ಹೈವೇ 48

ಕೋಟೆ ಅಣ್ಣ, ಬೇಜಾರಾಗಬೇಡಿ, ಒಂದು ಪ್ರಶ್ನೆ. ಬಸ್ಸು ಇದೆಯಲ್ವಾ? ಅಗಲವಾದ ಹೆದ್ದಾರಿ ಇದೆ. ಕೈ ಎತ್ತಿದರೆ ಬಸ್ಸು. ದಾವಣಗೆರೆಯಿಂದಲೂ ರಸ್ತೆ 260 ಕಿ.ಮೀ. ಆಸುಪಾಸು, ರೈಲು 326. ರಾತ್ರಿ ಊಟ ಮಾಡಿ ಬಸ್ಸು ಹತ್ತಿದರೆ ಬೆಳಗಿನ ಜಾವ ಬೆಂಗಳೂರು. ರೈಲಿಗಾದರೆ ಹುಬ್ಬಳ್ಳಿ ಕಡೆಯಿಂದ ಬರುವ ರಾತ್ರಿ ಗಾಡಿಗಳು ಹೆಚ್ಚಾಗಿ ನಡುರಾತ್ರಿಯ ಸುತ್ತಮುತ್ತ ನಮ್ಮ ಊರು ಮುಟ್ಟುತ್ತವೆ. ಅಷ್ಟು ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ತೂಕಡಿಸಬೇಕು. ಹತ್ತಿದ ಮೇಲೆ ನಮ್ಮ ಬರ್ತಿನಲ್ಲಿ ಮಲಗಿದವರನ್ನು ಎಬ್ಬಿಸಿ ಜಗಳ ಬೇರೆ. ಜನ ಬಸ್ಸು ಹಿಡಿದರೆ ಅದು ಅವರ ಆಯ್ಕೆ. ಅದಕ್ಕೆ ರೈಲ್ವೆಯನ್ನು ಯಾಕೆ ಬೈಯಬೇಕು?

ಕೋಟೆ ಕಡೆಯವನು

ಆಯ್ಕೆ ಅನ್ನಬೇಕಾದರೆ ಎರಡಿರಬೇಕು ಗುರು. ದೀಪಾವಳಿ ಹಿಂದಿನ ದಿನ ಖಾಸಗಿ ಬಸ್ಸಿನ ಟಿಕೆಟ್ ದರ ನೋಡಿದ್ದೀರಾ? ಮಾಮೂಲಿ ದಿನದ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಅವತ್ತು ಆಯ್ಕೆ ಎಲ್ಲಿರುತ್ತದೆ?

ಚೌಕಿಪೇಟೆ ವ್ಯಾಪಾರಿ

ಹೈವೇ ಸರ್ ಹೇಳಿದ ಸಮಯದ ಮಾತು ಮುಖ್ಯ, ಅದನ್ನೇ ಸ್ವಲ್ಪ ಹಿಡಿದು ನೋಡೋಣ.

ವಂದೇ ಭಾರತ್ ತೆಗೆದುಕೊಳ್ಳಿ. ಬೆಂಗಳೂರು–ಧಾರವಾಡ ಗಾಡಿ ಶುರುವಾದದ್ದು 2023ರ ಜೂನ್ 27ಕ್ಕೆ. ಮೊದಲ ದಿನದಿಂದಲೂ ದಾವಣಗೆರೆಗೆ ಸ್ಟಾಪ್ ಇದೆ, ಅದಕ್ಕೆ ಖುಷಿಯೇ. ಬೆಳಿಗ್ಗೆ ಆರರೊಳಗೆ ಬೆಂಗಳೂರು ಬಿಟ್ಟು ಒಂಬತ್ತೂವರೆ ಹೊತ್ತಿಗೆ ಇಲ್ಲಿ. ಮಧ್ಯಾಹ್ನ ಧಾರವಾಡ ಬಿಟ್ಟು ರಾತ್ರಿ ಎಂಟರ ಹೊತ್ತಿಗೆ ಬೆಂಗಳೂರು. ಈ ಸಮಯ ಯಾರಿಗೆ ಅನುಕೂಲ? ಬೆಂಗಳೂರಿನವರಿಗೆ. ಅವರು ಬೆಳಿಗ್ಗೆ ಬಂದು, ಇಲ್ಲಿ ಕೆಲಸ ಮುಗಿಸಿ, ದೋಸೆ ತಿಂದು, ಅದೇ ದಿನ ಮನೆಗೆ ಹೋಗಬಹುದು. ನಾನು ಇಲ್ಲಿಂದ ಆ ಗಾಡಿಗೆ ಹೋದರೆ ಚಿಕ್ಕಪೇಟೆ ಬಾಗಿಲು ಹಾಕುವ ಹೊತ್ತಿಗೆ ತಲುಪುತ್ತೇನೆ.

ಸರಿ, 2025ರ ಆಗಸ್ಟ್ 10ರಿಂದ ಬೆಳಗಾವಿ ವಂದೇ ಭಾರತ್ ಬಂತು. ಅದು ಬೆಳಿಗ್ಗೆ 5.20ಕ್ಕೆ ಬೆಳಗಾವಿ ಬಿಡುತ್ತದೆ. ನಮ್ಮ ಊರು ದಾಟಿ ಮಧ್ಯಾಹ್ನ ಎರಡರೊಳಗೆ ಬೆಂಗಳೂರು. ಅರ್ಧ ಗಂಟೆಯಲ್ಲಿ ತಿರುಗಿ ಹೊರಟುಬಿಡುತ್ತದೆ. ಆ ಅರ್ಧ ಗಂಟೆಯಲ್ಲಿ ನಾನೇನು ಸೀರೆ ಆರಿಸಲಿ? ಹಾಗಾಗಿ ಹೋಗುವಾಗ ರೈಲು, ಬರುವಾಗ ರಾತ್ರಿ ಬಸ್ಸು. ನನ್ನಂಥವರು ಪೇಟೆಯಲ್ಲಿ ತುಂಬಾ ಜನ ಇದ್ದಾರೆ. ರೈಲ್ವೆಯವರ ಲೆಕ್ಕದಲ್ಲಿ ನಾವು ಅರ್ಧ ಪ್ರಯಾಣಿಕರು.

ಸೀಟು ತುಂಬುತ್ತಿದೆಯೇ ಇಲ್ಲವೇ ಎನ್ನುವುದು ಆಮೇಲಿನ ಮಾತು. ಗಾಡಿ ಯಾವ ಹೊತ್ತಿಗೆ ಬರುತ್ತದೆ ಎನ್ನುವುದೇ ಯಾರು ಹತ್ತುತ್ತಾರೆ ಎಂದು ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ನನ್ನ ವಾದ ಇಷ್ಟೇ.

ಶಿವಗಂಗೋತ್ರಿ

ನಾನು ತೋಳಹುಣಸೆ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಊರು ಹಾವೇರಿ ಕಡೆ. ವಂದೇ ಭಾರತ್ ನಮಗಲ್ಲ ಬಿಡಿ, ಹೊರಗೆ ನಿಂತು ನೋಡಿ ಟಾಟಾ ಮಾಡುವುದಷ್ಟೇ. ನಮಗೆ ಬೇಕಿರುವುದು ಜನರಲ್ ಬೋಗಿ.

ಭಾನುವಾರ ಸಂಜೆ ಹಾವೇರಿ, ರಾಣೆಬೆನ್ನೂರು ಕಡೆಯಿಂದ ಬರುವ ಗಾಡಿಯಲ್ಲಿ ಹೀಗಿರುತ್ತದೆ: ಶೌಚಾಲಯದ ಬಾಗಿಲ ಹತ್ತಿರ ನಾಲ್ಕು ಜನ, ಅದರಲ್ಲಿ ಒಬ್ಬ ಟ್ರಂಕಿನ ಮೇಲೆ. ಮೇಲಿನ ಸಾಮಾನು ಇಡುವ ಹಲಗೆಯ ಮೇಲೆ ಹುಡುಗರು ಮಲಗಿರುತ್ತಾರೆ. ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬ, ಅಕ್ಕಿ ಚೀಲ ಎಲ್ಲಾ ಕಾಲ ಸಂದಿಯಲ್ಲಿ. ಅದೇ ಗಾಡಿಯಲ್ಲಿ ಎಸಿ ಬೋಗಿಗಳು ಸಾಲಾಗಿ ಇರುತ್ತವೆ. ಮೊದಲು ಸ್ಲೀಪರ್ ಇದ್ದ ಜಾಗಕ್ಕೂ ಎಷ್ಟೋ ಗಾಡಿಗಳಲ್ಲಿ ಎಸಿ ಬಂತು. ಈಚೆಗೆ ಜನರಲ್ ಬೋಗಿ ಹೆಚ್ಚಿಸುತ್ತೇವೆ, ಒಂದು ಗಾಡಿಗೆ ನಾಲ್ಕು ಹಾಕುತ್ತೇವೆ ಎಂದು ಹೇಳುತ್ತಿದ್ದಾರೆ. ಕೆಲವು ಗಾಡಿಗೆ ಹಾಕಿದ್ದಾರೆ ಕೂಡ. ಭಾನುವಾರಕ್ಕೆ ಅದೂ ಸಾಲದು.

ಜನರಲ್ ಟಿಕೆಟ್ ಮಾರಲು ಮಿತಿಯೇ ಇಲ್ಲ ಅಲ್ವಾ? ನೂರು ಸೀಟಿಗೆ ಮುನ್ನೂರು ಟಿಕೆಟ್ ಕೊಟ್ಟರೂ ಲೆಕ್ಕದಲ್ಲಿ ಮುನ್ನೂರು ಜನ ಪ್ರಯಾಣ ಮಾಡಿದರು ಎಂದೇ ಬರುತ್ತದೆ. ಹೇಗೆ ಮಾಡಿದರು ಎಂದು ಬರುವುದಿಲ್ಲ.

ನಿವೃತ್ತ ಗುಮಾಸ್ತ

ಈ ಹುಡುಗ ಒಳ್ಳೆಯ ಜಾಗಕ್ಕೆ ಕೈ ಹಾಕಿದ್ದಾನೆ. ಲೆಕ್ಕದ ಇನ್ನೊಂದು ಮೋಜು ಹೇಳುತ್ತೇನೆ.

ದಾವಣಗೆರೆ ನಡುವಿನ ಸ್ಟೇಷನ್. ಹುಬ್ಬಳ್ಳಿಯಿಂದಲೋ ಇನ್ನೂ ಆಚೆಯಿಂದಲೋ ಹೊರಡುವ ಗಾಡಿಯಲ್ಲಿ ಬರ್ತುಗಳ ದೊಡ್ಡ ಪಾಲು ಹೊರಡುವ ಊರಿನ ಕೋಟಾಕ್ಕೆ ಹೋಗುತ್ತದೆ. ನಡುವಿನ ಊರುಗಳಿಗೆ ಸಿಗುವುದು ಸಣ್ಣ ಪಾಲು, ಅದನ್ನೂ ಹಂಚಿಕೊಳ್ಳಬೇಕು. ನಮ್ಮ ವೇಟಿಂಗ್ ಲಿಸ್ಟ್ ಬೇಗ ಬೆಳೆಯುತ್ತದೆ, ನಿಧಾನಕ್ಕೆ ಕರಗುತ್ತದೆ. ಇದು ಗೊತ್ತಿರುವವರು ಏನು ಮಾಡುತ್ತಾರೆ? ಹುಬ್ಬಳ್ಳಿಯಿಂದಲೇ ಟಿಕೆಟ್ ಮಾಡಿಸಿ, ಬೋರ್ಡಿಂಗ್, ಅಂದರೆ ಹತ್ತುವ ಊರು, ದಾವಣಗೆರೆ ಎಂದು ಹಾಕುತ್ತಾರೆ. ನಿಯಮದ ಪ್ರಕಾರವೇ ಮಾಡಬಹುದು. ಸ್ವಲ್ಪ ದುಡ್ಡು ಜಾಸ್ತಿ, ಬರ್ತ್ ಸಿಗುವ ಸಾಧ್ಯತೆಯೂ ಜಾಸ್ತಿ.

ಈಗ ಲೆಕ್ಕ ನೋಡಿ. ಹತ್ತಿದ್ದು ದಾವಣಗೆರೆಯಲ್ಲಿ. ಟಿಕೆಟ್ ಹುಬ್ಬಳ್ಳಿಯದು. ಇಲ್ಲಿಂದ ಎಷ್ಟು ಟಿಕೆಟ್ ಹೋಗುತ್ತದೆ ಎಂದು ನೋಡಿ ಕೋಟಾ ಹೆಚ್ಚಿಸಬೇಕೋ ಬೇಡವೋ ಎಂದು ಯೋಚಿಸುವವರ ಕಣ್ಣಿಗೆ ಈ ಮನುಷ್ಯ ಬೀಳುವುದೇ ಇಲ್ಲ. ಕೋಟಾ ಕಡಿಮೆ ಎಂದು ಹುಬ್ಬಳ್ಳಿ ಟಿಕೆಟ್, ಹುಬ್ಬಳ್ಳಿ ಟಿಕೆಟ್ ಎಂದು ಕೋಟಾ ಕಡಿಮೆ.

ಹರಿಹರ ಸೇತುವೆ

ವಾವ್, ಇದನ್ನು ನಾವು ವರ್ಷಗಟ್ಟಲೆ ಮಾಡುತ್ತಿದ್ದೇವೆ. ಇದರಿಂದ ನಮ್ಮ ಕಾಲಿಗೆ ನಾವೇ ಕಲ್ಲು ಹಾಕಿಕೊಳ್ಳುತ್ತಿದ್ದೇವೆ ಎಂದು ಯಾರೂ ಹೇಳಿರಲಿಲ್ಲ. ಹಾಗೆಂದು ಬಿಡುವುದೂ ಇಲ್ಲ. ರಾತ್ರಿ ಮಲಗಲು ಜಾಗ ಬೇಕು ಮಾರಾಯ್ರೆ.

ನಮ್ಮ ಕಡೆ ಇನ್ನೊಂದು ಕಥೆ ಇದೆ. ಹರಿಹರ–ಕೊಟ್ಟೂರು ಹೊಸ ಮಾರ್ಗ ಬಂದಾಗ ಹರಪನಹಳ್ಳಿಯವರೆಲ್ಲ ಖುಷಿಪಟ್ಟರು. ಹೊಸಪೇಟೆ ಕಡೆಗೆ ಪ್ಯಾಸೆಂಜರ್ ಗಾಡಿಯೂ ಬಂತು. ಆದರೆ ಒಂದು ದಾರಿಯಲ್ಲಿ ಬೆರಳೆಣಿಕೆಯ ಗಾಡಿ ಇದ್ದರೆ ಅದು ತಪ್ಪಿದವನು ಏನು ಮಾಡಬೇಕು? ಬಸ್ಸಿನವನು ಗಂಟೆಗೊಂದು ಬಿಡುತ್ತಾನೆ. ಜನ ಗಾಡಿಯ ಸಮಯಕ್ಕೆ ತಮ್ಮ ದಿನ ಹೊಂದಿಸಿಕೊಳ್ಳುವ ಕಾಲ ಹೋಯಿತು.

ತಿರುಗಾಟದ ತಾತ

ಮಕ್ಕಳೇ, ವಯಸ್ಸಾದವರ ಮಾತು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. 2020ರ ಮಾರ್ಚ್‌ವರೆಗೆ 60 ದಾಟಿದ ಗಂಡಸರಿಗೆ ಟಿಕೆಟ್ ದರದಲ್ಲಿ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ರಿಯಾಯಿತಿ ಇತ್ತು. ಕೋವಿಡ್ ಹೆಸರಲ್ಲಿ ತೆಗೆದರು, ವಾಪಸ್ ಕೊಡಲಿಲ್ಲ. ನಾವು ಗಂಡ ಹೆಂಡತಿ ಆಗ ವರ್ಷಕ್ಕೊಮ್ಮೆ ಪಂಢರಪುರಕ್ಕೆ ಹೋಗುತ್ತಿದ್ದೆವು. ಈಗ ಅವಳು ಶಕ್ತಿ ಬಸ್ಸಿನಲ್ಲಿ ಧರ್ಮಸ್ಥಳ, ಸವದತ್ತಿ, ಶೃಂಗೇರಿ ಎಂದು ಅಕ್ಕಪಕ್ಕದ ಮನೆಯವರ ಜೊತೆ ಹೊರಡುತ್ತಾಳೆ. ನಾನು ಟಿಕೆಟ್ ಕೊಟ್ಟು ಹೋಗಬೇಕಲ್ಲ ಎಂದು ಮನೆಯಲ್ಲೇ ಇರುತ್ತೇನೆ. ಹಿಂದೆ ರೈಲು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಯಾತ್ರೆ. ಈಗ ಸರ್ಕಾರಿ ಬಸ್ಸು ಎಲ್ಲಿಗೋ ಅಲ್ಲಿಗೆ.

ಮಾಯಕೊಂಡದ ಮೇಷ್ಟ್ರಮ್ಮ

ತಾತ, ಅಜ್ಜಿಗೆ ನಮಸ್ಕಾರ ಹೇಳಿ! ಆದರೆ ಒಂದು ಮಾತು ಸೇರಿಸುತ್ತೇನೆ. ಶಕ್ತಿ ಬಸ್ಸು ಎಲ್ಲಾ ದಾರಿಯಲ್ಲೂ ಇಲ್ಲ. ನಮ್ಮ ದಾವಣಗೆರೆ, ದುರ್ಗ, ಶಿವಮೊಗ್ಗ ಕಡೆ ಖಾಸಗಿ ಬಸ್ಸುಗಳದ್ದೇ ಜೋರು. ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ಸರ್ಕಾರಿ ಬಸ್ಸು ಇಲ್ಲದ ಊರಿನ ಹೆಂಗಸರು ಈಗಲೂ ರೈಲಿಗೇ ಕಾಯುತ್ತಾರೆ. ಸಣ್ಣ ಸ್ಟೇಷನ್‌ಗಳ ಸ್ಟಾಪ್ ತೆಗೆಯಬೇಕು ಎಂದು ಯಾರಾದರೂ ಹೊರಟರೆ ಮೊದಲು ಆ ಊರಿಗೆ ಬಸ್ಸು ಇದೆಯೇ ಎಂದು ನೋಡಲಿ.

ಹೈವೇ 48

ಸರಿ, ಎಲ್ಲರೂ ರೈಲ್ವೆ ಕಡೆಗೇ ವಾಲಿದ್ದೀರಿ. ನಾನು ಹೇಳುವುದು ಬೇರೆ. ಈ ಮಾರ್ಗಕ್ಕೆ ಜೋಡಿ ಹಳಿ ಹಾಕಿದರು, ಕರೆಂಟ್ ಎಂಜಿನ್ ಬಂತು. ಕ್ರಾಸಿಂಗ್‌ಗೆ ಎಂದು ಸಣ್ಣ ಸ್ಟೇಷನ್‌ನಲ್ಲಿ ಅರ್ಧ ಗಂಟೆ ನಿಲ್ಲಿಸುವ ಕಾಟ ತಪ್ಪಿತು. ಅದು ಕೆಲಸ ಅಲ್ಲವೇ? ಎಲ್ಲಾ ಊರಿಗೂ ಅದರ ಮನೆ ಬಾಗಿಲಿಗೆ, ಅದಕ್ಕೆ ಬೇಕಾದ ಹೊತ್ತಿಗೆ ಗಾಡಿ ಎಂದರೆ ಯಾರ ಕೈಲೂ ಆಗುವುದಿಲ್ಲ.

ಕೋಟೆ ಕಡೆಯವನು

ಕೆಲಸ ಆಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ನೋಡಿ.

ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗ ಮೂಲಕ ದಾವಣಗೆರೆಗೆ ನೇರ ಮಾರ್ಗ, ಸುಮಾರು 191 ಕಿ.ಮೀ. ಮಂಜೂರಾದದ್ದು 2011-12ರ ಬಜೆಟ್ಟಿನಲ್ಲಿ. ಅರ್ಧ ಖರ್ಚು ರಾಜ್ಯದ್ದು. ಭೂಮಿ ಕೊಡುವುದು, ಪರಿಹಾರ ಕೊಡುವುದು ಎಂದು ವರ್ಷಗಳು ಉರುಳಿದವು. ಆಗ ಹೈಸ್ಕೂಲಿನಲ್ಲಿದ್ದ ಹುಡುಗರು ಈಗ ಬೆಂಗಳೂರಿನಲ್ಲಿ ಮನೆ ಮಾಡಿ, ಸಾಲ ಮಾಡಿ ಕಾರು ತೆಗೆದುಕೊಂಡಿದ್ದಾರೆ. ನಾಳೆ ಮಾರ್ಗ ಮುಗಿದ ದಿನ ಅವರು ಕಾರು ಬಿಟ್ಟು ಬರುತ್ತಾರಾ?

ಇನ್ನೊಂದು ಕಡೆ ನೋಡಿ. ಬಳ್ಳಾರಿ–ಚಿಕ್ಕಜಾಜೂರು ಜೋಡಿ ಹಳಿ, 185 ಕಿ.ಮೀ., 3,342 ಕೋಟಿ ರೂಪಾಯಿ. ಕೇಂದ್ರ ಸಂಪುಟ ಒಪ್ಪಿದ್ದು 2025ರ ಜೂನ್‌ನಲ್ಲಿ. ಅದು ನಮ್ಮ ದುರ್ಗದ ಮೂಲಕವೇ ಹೋಗುತ್ತದೆ. ಮುಖ್ಯ ಕಾರಣ ಅದಿರು, ಕಲ್ಲಿದ್ದಲು, ಸ್ಟೀಲು, ಬಂದರಿಗೆ ಹೋಗುವ ಸರಕು. ತಪ್ಪಲ್ಲ, ಬೇಕು. ಆದರೆ ಎರಡನೇ ಹಳಿ ಬಿದ್ದ ಮೇಲೆ ಗೂಡ್ಸ್ ಗಾಡಿಗೇ ಹಳಿ ಸಾಲದು ಎನ್ನುವ ನೆಪ ಹೇಳಲು ಆಗುವುದಿಲ್ಲ. ಆಗ ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಒಂದಾದರೂ ಹೆಚ್ಚಿನ ಗಾಡಿ ಕೇಳಲೇಬೇಕು.

ನಿವೃತ್ತ ಗುಮಾಸ್ತ

ಕಾರಿನವರು ಎಲ್ಲರೂ ಬರುವುದಿಲ್ಲ, ಕೆಲವರು ಬಂದೇ ಬರುತ್ತಾರೆ. ನೇರ ಮಾರ್ಗದಿಂದ ದಾವಣಗೆರೆ–ಬೆಂಗಳೂರು ದೂರ 60 ಕಿ.ಮೀ.ಗೂ ಹೆಚ್ಚು ಕಡಿಮೆಯಾಗುತ್ತದೆ. ರಸ್ತೆಗೂ ರೈಲಿಗೂ ಇರುವ ದೂರದ ವ್ಯತ್ಯಾಸ ಹತ್ತಿರ ಹತ್ತಿರ ಇಲ್ಲದಂತಾಗುತ್ತದೆ. ನೆಲಮಂಗಲದಿಂದ ಬೆಂಗಳೂರಿನೊಳಗೆ ಕಾರು ಹೊಡೆದವರಿಗೆ ಟ್ರಾಫಿಕ್ಕಿನ ಕಷ್ಟ ಹೇಳಬೇಕಾಗಿಲ್ಲ.

ಬುಕಿಂಗ್ ಅಭ್ಯಾಸವೂ ಬದಲಾಗಿದೆ, ಅದನ್ನು ಮರೆಯಬೇಡಿ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60ಕ್ಕೆ ಇಳಿಯಿತು. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಬೇಕು. ಮೊದಲಾದರೆ ಮದುವೆ ಗೊತ್ತಾದ ದಿನವೇ ಯಜಮಾನರು ಕೌಂಟರಿಗೆ ಬಂದು ಟಿಕೆಟ್ ಮಾಡಿಸುತ್ತಿದ್ದರು. ಈಗ ಹುಡುಗರು ಗುರುವಾರ ನೋಡಿ ಶುಕ್ರವಾರಕ್ಕೆ ಹೊರಡುತ್ತಾರೆ. ಸಿಗದಿದ್ದರೆ ಮರುನಿಮಿಷ ಬಸ್ಸಿನ ಆ್ಯಪ್. ಅವರು ಸಾಲಿನಲ್ಲಿ ನಿಂತು ಬೈಯುವುದೂ ಇಲ್ಲ. ಬೈದಿದ್ದರೆ ನಮಗೆ ಗೊತ್ತಾದರೂ ಆಗುತ್ತಿತ್ತು.

ಚೌಕಿಪೇಟೆ ವ್ಯಾಪಾರಿ

ಎಲ್ಲರಿಗೂ ಧನ್ಯವಾದ. ಪೇಟೆಯ ಕೆಲವರು ಸೇರಿ ರೈಲ್ವೆಯ ಮೈಸೂರು ವಿಭಾಗಕ್ಕೆ ಒಂದು ಮನವಿ ಕೊಡೋಣ ಅಂತಿದ್ದೇವೆ. ಸದ್ಯಕ್ಕೆ ಬರೆದುಕೊಂಡಿರುವುದು: ದಾವಣಗೆರೆಯನ್ನು ಬೆಳಿಗ್ಗೆ ಬೇಗ ಬಿಟ್ಟು ಹತ್ತರೊಳಗೆ ಬೆಂಗಳೂರು ಮುಟ್ಟಿಸುವ, ಸಂಜೆ ಆರರ ಮೇಲೆ ಅಲ್ಲಿಂದ ಹೊರಡುವ ವೇಗದ ಗಾಡಿ ಬೇಕು. ರಾತ್ರಿ ಗಾಡಿಗಳಲ್ಲಿ ದಾವಣಗೆರೆ ಕೋಟಾ ಹೆಚ್ಚಿಸಬೇಕು, ಅದನ್ನು ಟಿಕೆಟ್ ಎಲ್ಲಿಯದು ಎಂದು ನೋಡದೆ ಬೋರ್ಡಿಂಗ್ ಎಲ್ಲಿ ಎಂದು ನೋಡಿ ನಿರ್ಧರಿಸಬೇಕು. ಭಾನುವಾರ ಜನರಲ್ ಬೋಗಿ ಹೆಚ್ಚು ಹಾಕಬೇಕು.

ಶಿವಗಂಗೋತ್ರಿ

ಅಣ್ಣ, ಜನರಲ್ ಬೋಗಿ ಮೊದಲು ಬರೆಯಿರಿ. ಕೊನೆಗೆ ಬರೆದರೆ ಅಲ್ಲಿಯವರೆಗೆ ಯಾರೂ ಓದುವುದಿಲ್ಲ.

ಹರಿಹರ ಸೇತುವೆ

ದಾವಣಗೆರೆ ಬಿಟ್ಟು ಎಂದು ಯಾಕೆ? ಹರಿಹರದಿಂದ ಹೊರಡಿಸಿ ಎಂದು ಬರೆಯಿರಿ. ಹದಿನಾಲ್ಕು ಕಿಲೋಮೀಟರ್ ತಾನೇ ಜಾಸ್ತಿ.

ಚೌಕಿಪೇಟೆ ವ್ಯಾಪಾರಿ

ಹರಿಹರದಿಂದ ಹೊರಟರೆ ಕೋಟಾ ನಿಮಗೆ ಹೋಗುತ್ತದೆ ಸ್ವಾಮಿ! ಗುಮಾಸ್ತರು ಈಗ ತಾನೇ ಹೇಳಿದರಲ್ಲ.

ನಿವೃತ್ತ ಗುಮಾಸ್ತ

ಎರಡೂ ಊರಿಗೆ ಸೇರಿ ಒಂದೇ ಕೋಟಾ ಕೇಳಿ, ಜಗಳ ಮುಗಿಯಿತು. ಮನವಿಯ ಜೊತೆ ಒಂದು ಕೆಲಸ ಮಾಡಿ. ಹುಬ್ಬಳ್ಳಿ ಟಿಕೆಟ್ ಕೊಂಡು ಇಲ್ಲಿ ಹತ್ತಿದವರ ಟಿಕೆಟ್ ಪ್ರತಿಗಳನ್ನು ಒಂದು ತಿಂಗಳು ಸಂಗ್ರಹಿಸಿ. ಹೆಸರು, ಫೋನ್ ನಂಬರ್, ಪಿಎನ್ಆರ್ ಅಳಿಸಿ ಲಗತ್ತಿಸಿ. ಬಾಯಿ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ಕೋಟೆ ಕಡೆಯವನು

ದುರ್ಗದವರು ಬಸ್ ಟಿಕೆಟ್ ಲಗತ್ತಿಸಬಹುದಾ ಸರ್? ನಮ್ಮ ಹತ್ತಿರ ಇರುವುದು ಅದೇ.

ನಿವೃತ್ತ ಗುಮಾಸ್ತ

ಯಾಕಾಗಬಾರದು? ಶುಕ್ರವಾರ, ಭಾನುವಾರದ್ದು ಬೇರೆ ಬೇರೆ ಕಟ್ಟು ಮಾಡಿ ಕೊಡಿ. ನಾನೇ ಕೂತು ಪಟ್ಟಿ ಮಾಡಿಕೊಡುತ್ತೇನೆ.